ಬಂದೆ ಭಾವನ ಅಂಗಳ

ನನ್ನ ಭಾವನವರಿಗೆ ನಾನಿಟ್ಟ ಹೆಸರು ‘ಬಂದೆ ಭಾವ’. ಎದುರಿಗೆ ಹಾಗೆ ಕರೆಯುವ ಧೈರ್ಯ ನನಗಿಲ್ಲ. ಎಷ್ಟಾದರೂ ಅಕ್ಕನ ಗಂಡ, ವಯಸ್ಸಿನಲ್ಲಿ ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಆದರೆ ನಮ್ಮ ಮನೆಯಲ್ಲಾಗಲಿ, ಮನೆಯ ಮುಂಭಾಗದಲ್ಲೇ ಇರುವ ನನ್ನ ಹೊಲಿಗೆ ಅಂಗಡಿಯಲ್ಲಾಗಲಿ ಅವರಿಗೆ ಬೇರೆ ಹೆಸರಿಲ್ಲ. ಅಕ್ಕ ಹಿತ್ತಲಿನಿಂದ ‘ರೀ, ಹಾಲು ಉಕ್ತಿದೆ’ ಎಂದು ಕೂಗಿದರೆ ಇವರು ಪೇಪರಿನ ಹಿಂದಿನಿಂದ ‘ಬಂದೆ’ ಎನ್ನುತ್ತಾರೆ. ಹಾಲು ಉಕ್ಕಿ, ಒಲೆ ಆರಿ, ಅಕ್ಕ ಓಡಿಬಂದು ನೆಲ ಒರೆಸಿ ಮುಗಿಸಿದ ಮೇಲೂ ಆ ಪೇಪರು ಒಂದಂಗುಲ ಕೆಳಗಿಳಿದಿರುವುದಿಲ್ಲ. ಮದುವೆಯ ದಿನ ಗಂಡು ಎಲ್ಲಿ ಎಂದು ಹುಡುಕಿದರೆ ಒಳಕೋಣೆಯಿಂದ ‘ಬಂದೆ, ಬಂದೆ’ ಎಂಬ ಧ್ವನಿ ಮಾತ್ರ ಬರುತ್ತಿತ್ತಂತೆ. ನಮ್ಮಪ್ಪನಿಗೆ ಅಂದೇ ಅರ್ಥವಾಗಬೇಕಿತ್ತು.

ಭಾವ ಮೂವತ್ತೊಂದು ವರ್ಷ ಪುರಸಭೆಯ ನಕ್ಷೆ ವಿಭಾಗದಲ್ಲಿದ್ದು ನಿವೃತ್ತರಾದವರು. ಊರಿನ ಒಂದೊಂದು ಚರಂಡಿಯೂ ಅವರ ಕೈಯಿಂದಲೇ ಹಾದುಹೋಗಿದೆ, ಕಾಗದದ ಮೇಲೆ. ಇಂಜಿನಿಯರು ಗೀಚಿಕೊಟ್ಟದ್ದನ್ನು ಇವರು ತೆಳು ಹಾಳೆಯ ಮೇಲೆ ಅಂದವಾಗಿ ಇಳಿಸಬೇಕು. ಅಂದವಾಗಿಯೇ ಇಳಿಸುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಆ ಮೂವತ್ತೊಂದು ವರ್ಷದಲ್ಲಿ ಒಮ್ಮೆಯಾದರೂ ಒಂದು ಚರಂಡಿಯೊಳಗೆ ಬಗ್ಗಿ ನೋಡಿದ್ದರೆ ಕೇಳಿ. ಮನೆಯಲ್ಲಂತೂ ಒಂದು ಹುಲ್ಲುಕಡ್ಡಿಯನ್ನು ಅತ್ತಿಂದಿತ್ತ ಇಟ್ಟವರಲ್ಲ. ಮಾತು ಮಾತ್ರ ಊರು ಕಟ್ಟಿದವರ ಹಾಗೆ.

ಇಂಥವರ ಸ್ವಂತ ಅಂಗಳದಲ್ಲೇ ಮಳೆ ಬಂದರೆ ಎರಡು ದಿನ ನೀರು ನಿಲ್ಲುತ್ತಿತ್ತು. ಮೂರು ಕಡೆ ಗೋಡೆ, ಒಂದು ಕಡೆ ಗೇಟು. ಮಾಡಿನ ನೀರೆಲ್ಲ ಅಂಗಳಕ್ಕೇ ಬೀಳಬೇಕು, ಬಿದ್ದದ್ದು ಹೋಗಲು ದಾರಿಯಿಲ್ಲ. ಬಚ್ಚಲುಮನೆ ಅಂಗಳದ ಆಚೆ ಬದಿಗೆ. ಅಕ್ಕ ಇಪ್ಪತ್ತಾರು ವರ್ಷ ಸೀರೆ ಎತ್ತಿ ಸಿಕ್ಕಿಸಿಕೊಂಡು, ಕಡ್ಡಿಪೊರಕೆಯಲ್ಲಿ ಆ ನೀರನ್ನು ಗೇಟಿನಾಚೆ ತಳ್ಳಿದಳು. ‘ಒಂದು ಪೈಪ್ ಹಾಕಿಸ್ರೀ’ ಎಂದು ಅವಳು ಹೇಳಿದಾಗಲೆಲ್ಲ ಭಾವ ‘ಹಾಕಿಸೋಣ, ಅದಕ್ಕೊಂದು ಪ್ಲಾನ್ ಬೇಕು’ ಎನ್ನುತ್ತಿದ್ದರು.

ಐದಾರು ತಿಂಗಳ ಹಿಂದೆ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಅಕ್ಕ ಬಚ್ಚಲಿಗೆ ಹೋಗುವಾಗ ಪಾಚಿಯ ಮೇಲೆ ಕಾಲು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಹಾಲು ಹಾಕುವವಳು ಬಂದು ನೋಡಿ ಕೂಗಿಕೊಂಡ ಮೇಲೆ ಬೀದಿಯವರು ಸೇರಿ ಎತ್ತಿದರು. ಭಾವ ಮನೆಯೊಳಗೇ ಇದ್ದರು. ‘ಏನೂ ಕೇಳಿಸಲೇ ಇಲ್ಲ ಕಣಯ್ಯಾ’ ಎಂದರು. ಪೇಪರು ಹಿಡಿದರೆ ಅವರ ಕಿವಿ ಮುಚ್ಚಿಹೋಗುವುದು ಗೊತ್ತಿದ್ದ ನಾವು ಹೌದೇನೋ ಅಂದುಕೊಂಡು ಬಿಟ್ಟೆವು.

ಆಪರೇಷನ್ ಆದ ಮೇಲೆ ಅಕ್ಕನನ್ನು ನಮ್ಮ ಮನೆಗೆ ಕರೆತಂದೆ. ಅವಳು ಸುಮ್ಮನೆ ಮಲಗುವವಳೇ? ದಿಂಬಿಗೆ ಒರಗಿಕೊಂಡು ನನ್ನ ಗಿರಾಕಿಗಳ ಅಂಗಿಗಳಿಗೆ ಗುಂಡಿ ಹೊಲಿದುಕೊಡುತ್ತಿದ್ದಳು. ಭಾವ ದಿನಕ್ಕೆರಡು ಸಲ ಸರಿಯಾಗಿ ಊಟದ ಹೊತ್ತಿಗೆ ಕೊಡೆ ಹಿಡಿದು ಹಾಜರಾಗುತ್ತಿದ್ದರು. ಆ ಒಂದು ವಿಷಯಕ್ಕೆ ಅವರನ್ನು ಯಾರೂ ಕರೆಯಬೇಕಾಗಿರಲಿಲ್ಲ. ಒಂದು ದಿನ ಕೈ ತೊಳೆಯುತ್ತಾ, ‘ಯಾವಾಗ ಬರ್ತೀಯ? ಮನೆ ಧೂಳು ಹಿಡಿದಿದೆ’ ಎಂದರು.

ಅಕ್ಕ ದಾರ ಕಡಿದು ಹೇಳಿದಳು. ‘ಅಂಗಳದಲ್ಲಿ ನೀರು ನಿಲ್ಲೋದಾದ್ರೆ ನಾನು ಬರಲ್ಲ. ಇನ್ನೊಂದು ಸಲ ಬಿದ್ರೆ ಏಳೋದಿಲ್ಲ ಅಂತ ಡಾಕ್ಟ್ರು ಹೇಳಿದಾರೆ. ಮೊದಲು ನೀರು ಹೋಗೋ ಹಾಗೆ ಮಾಡಿಸಿ.’

‘ಅಷ್ಟೇ ತಾನೆ?’ ಎಂದರು ಭಾವ.

ಮರುದಿನವೇ ಪ್ಲಾನ್ ಬಂತು. ಅಬ್ಬಬ್ಬಾ, ಏನು ಪ್ಲಾನು! ನೀರಿಗೆ ನೀಲಿ, ಪೈಪಿಗೆ ಕೆಂಪು, ಗೋಡೆಗೆ ಕಂದು ಬಣ್ಣದ ಪೆನ್ಸಿಲ್. ಅಂಗಳದ ನಟ್ಟನಡುವೆ ಸಿಮೆಂಟಿನ ಒಂದು ಚೇಂಬರ್, ಮೇಲೆ ಕಬ್ಬಿಣದ ಜಾಲರಿ. ಅಂಗಳದ ನೀರೆಲ್ಲ ಜಾಲರಿಯೊಳಗೆ ಇಳಿಯಬೇಕು, ಮಣ್ಣು ಮಸಿ ಚೇಂಬರಿನ ತಳದಲ್ಲಿ ಉಳಿಯಬೇಕು, ನೀರು ಮಾತ್ರ ನೆಲದಡಿಯ ಪೈಪಿನಲ್ಲಿ ಬೀದಿಯ ಚರಂಡಿ ಸೇರಬೇಕು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣದ ಗುರುತು ಬೇರೆ. ತಮ್ಮ ಮನೆಯ ಬಚ್ಚಲಿಗೆ ಹೋಗಲು ದಿಕ್ಕು ಬೇಕಾದ ಮನುಷ್ಯನನ್ನು ನಾನು ಇವರೊಬ್ಬರನ್ನೇ ನೋಡಿದ್ದು.

ಕೆಲಸಕ್ಕೆ ಬಂದ ಮೇಸ್ತ್ರಿ ಅರವತ್ತರ ಹತ್ತಿರದವನು, ಮಿತಭಾಷಿ. ಕಾಗದವನ್ನು ಒಮ್ಮೆ ನೋಡಿ ಮಡಚಿ ವಾಪಸು ಕೊಟ್ಟು, ‘ನೀರು ಮೊದಲು ಎಲ್ಲಿ ನಿಲ್ಲುತ್ತೆ ಸಾರ್?’ ಎಂದ.

‘ಎಲ್ಲಾ ಕಡೆ ನಿಲ್ಲುತ್ತೆ ಕಣಯ್ಯಾ. ಅದಕ್ಕೇ ನಡುವೆ ಹಾಕಿರೋದು.’

‘ಅಮ್ಮಾವ್ರನ್ನ ಒಂದ್ಮಾತು ಕೇಳಿದ್ರೆ ಒಳ್ಳೇದಿತ್ತು.’

‘ಅವಳೇನು ಹೇಳ್ತಾಳೆ? ಮಲಗಿದಾಳೆ ಪಾಪ. ನಾನು ಮೂವತ್ತೊಂದು ವರ್ಷ ಇದನ್ನೇ ಮಾಡಿದ್ದು.’

ಅಕ್ಕನ ಒಂದು ಚೀಲ ಒಯ್ಯಲೆಂದು ಹೋಗಿದ್ದ ನಾನು ಅಲ್ಲೇ ನಿಂತಿದ್ದೆ. ಗಿರಾಕಿಯನ್ನು ‘ಎಲ್ಲಿ ಬಿಗಿ, ಎಲ್ಲಿ ಸಡಿಲ’ ಎಂದು ಕೇಳದೆ ನಾನು ಕತ್ತರಿ ಮುಟ್ಟುವುದಿಲ್ಲ. ಮೇಸ್ತ್ರಿ ಕೇಳಿದ್ದು ನ್ಯಾಯವಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಮಾಡಲಿ, ಊರ ಮುಂದೆ ಮರ್ಯಾದೆ ಕಳೆದುಕೊಳ್ಳಲಿ ಎಂದು ಒಳಗೊಳಗೇ ಖುಷಿಯಾಗಿತ್ತು.

ಐದು ದಿನ ಕೆಲಸ ನಡೆಯಿತು. ಭಾವ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಉಸ್ತುವಾರಿ ನಡೆಸಿದರು. ಗೇಟಿನ ತನಕ ಕಾಲುವೆ ತೋಡಿ, ತಳಕ್ಕೆ ಜಲ್ಲಿ ಹಾಸಿ, ನೀರು ಸರಾಗ ಇಳಿಯುವಂತೆ ವಾಟ ಕೊಟ್ಟು ಮೇಸ್ತ್ರಿ ಪೈಪು ಕೂರಿಸಿದ. ಕೊನೆಯ ದಿನ ಜಾಲರಿ ಕೂರಿಸುವಾಗ ಭಾವ ಎದ್ದು ಬಂದರು. ಸುತ್ತ ಎರಡು ಬೆರಳು ಎತ್ತರಕ್ಕೆ ಕಟ್ಟೆ ಬೇಕು, ನುಣ್ಣಗೆ ಗಾರೆ ಮಾಡಬೇಕು, ಕಸ ಒಳಗೆ ಹೋಗಬಾರದು ಎಂದರು.

‘ಕಸ ಹೋಗಲ್ಲ ಸಾರ್’ ಎಂದ ಮೇಸ್ತ್ರಿ. ‘ನೀರೂ ಹೋಗಲ್ಲ.’

‘ಹೇಳಿದಷ್ಟು ಮಾಡಯ್ಯಾ.’

ಮಾಡಿದ. ಭಾವ ಆ ಕಟ್ಟೆಗೆ ಕೆಂಪು ಬಣ್ಣವನ್ನೂ ಬಳಿಸಿದರು.

ಭಾನುವಾರ ಬೆಳಿಗ್ಗೆ ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ, ವಾಕರನ್ನು ಕೈಗೆ ಸಿಗುವಂತೆ ಇಟ್ಟೆ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಬಕೆಟ್ ನೀರು ತುಂಬಿಸಿಕೊಂಡು ಕಾಯುತ್ತಿದ್ದರು. ಪೈಪಿಗೆ ಜೋಡಿಸಬೇಕಾದ್ದು ಇನ್ನೇನಾದರೂ ಇದ್ದೀತೆಂದು ಮೇಸ್ತ್ರಿಯೂ ಬಂದಿದ್ದ. ಭಾವ ಬಕೆಟ್ ಎತ್ತಿ ಅಷ್ಟೂ ನೀರನ್ನು ನೇರವಾಗಿ ಜಾಲರಿಯ ಮೇಲೆ ಸುರಿದರು. ಗಳಗಳ ಎಂದು ಇಳಿದುಹೋಯಿತು.

‘ಕೇಳಿಸ್ತಾ?’ ಎಂದು ಅಕ್ಕನ ಮುಖ ನೋಡಿದರು.

‘ಕೇಳಿಸ್ತು. ಮಳೆ ಬಕೆಟ್ಟಿನಲ್ಲಿ ಬರುತ್ತಾ?’ ಎಂದಳು ಅಕ್ಕ. ‘ಬಚ್ಚಲ ಬಾಗಿಲ ಹತ್ರ ಸುರೀರಿ. ನಾಲ್ಕು ಬಕೆಟ್ ಸುರೀರಿ.’

ಭಾವ ಅತ್ತಿತ್ತ ನೋಡಿದರು. ಕೊನೆಗೆ ಸುರಿದವನು ಮೇಸ್ತ್ರಿ. ನೀರು ನೆಲದ ಮೇಲೆ ಹರಡಿ ಜಾಲರಿಯ ಕಡೆಗೇ ಬಂತು. ಭಾವನ ಮುಖ ಅರಳಿತು. ನೀರು ಕೆಂಪು ಕಟ್ಟೆಯನ್ನು ಮುಟ್ಟಿತು, ಒಂದು ಸುತ್ತು ಹಾಕಿತು, ಆಮೇಲೆ ಅದನ್ನು ಬಿಟ್ಟು ನೆಟ್ಟಗೆ ಒಗೆಯುವ ಕಲ್ಲಿನ ಕಡೆಗೆ ಹೋಗಿ ಹಾಯಾಗಿ ನಿಂತುಬಿಟ್ಟಿತು. ಇಪ್ಪತ್ತಾರು ವರ್ಷ ನಿಂತ ಹಾಗೆಯೇ.

‘ಸ್ವಲ್ಪ ಹೊತ್ತು ಬಿಟ್ರೆ ಹೋಗುತ್ತೆ’ ಎಂದರು ಭಾವ.

‘ಎಲ್ಲಿಗೆ?’ ಎಂದಳು ಅಕ್ಕ.

ನನಗೆ ತಡೆಯಲಾಗಲಿಲ್ಲ. ‘ಭಾವಾ, ಬಣ್ಣ ಮಾತ್ರ ಬೊಂಬಾಟಾಗಿ ಬಂದಿದೆ’ ಎಂದುಬಿಟ್ಟೆ. ಅವರ ಮುಖ ಗಂಟಾಯಿತು. ಥೂ, ಇಂಥವರ ಕೈಯಲ್ಲಿ ನನ್ನ ಅಕ್ಕ ಮತ್ತೆ ಸಿಕ್ಕಿಕೊಳ್ಳಬೇಕೇ, ಈಗಲೇ ಆಟೋ ಕರೆದು ಹೊರಟುಬಿಡೋಣ ಎಂದು ನಾನು ವಾಕರ್ ಎತ್ತಿಕೊಂಡೆ. ಅಕ್ಕ ಅದನ್ನು ನನ್ನ ಕೈಯಿಂದ ಕಿತ್ತು ಪಕ್ಕಕ್ಕಿಟ್ಟಳು. ‘ನೀನು ಸುಮ್ನಿರು. ನನ್ನ ಮನೆ ಇದು’ ಎಂದಳು.

ಆಮೇಲೆ ಮೇಸ್ತ್ರಿಯನ್ನು ಕರೆದಳು. ‘ಒಗೆಯೋ ಕಲ್ಲಿಂದ ಎರಡು ಹೆಜ್ಜೆ ಈಚೆಗೆ ಬನ್ನಿ. ಅಲ್ಲೊಂದು ಚಪ್ಪಡಿ ಮೂಲೆ ಮುರಿದಿದೆ ನೋಡಿ. ಅದರ ಬಲಕ್ಕೆ, ಒಂದು ಗೇಣು. ಜಾಲರಿ ಅಲ್ಲಿ ಬರಬೇಕು.’

ಮೇಸ್ತ್ರಿ ನೆಲದ ಏರುತಗ್ಗು ಅಳೆಯುವ ಮಟ್ಟದ ಪೈಪನ್ನು ಚೀಲದಿಂದ ತೆಗೆದು ನೀರು ತುಂಬಿಸಿದ. ಒಂದು ತುದಿಯನ್ನು ನನಗೆ ಕೊಟ್ಟು ಅಂಗಳದ ನಾಲ್ಕೂ ಮೂಲೆಗೆ ಹಿಡಿದು ನೋಡಿದ. ಮುರಿದ ಚಪ್ಪಡಿಯ ಬಲಕ್ಕೆ ಒಂದು ಗೇಣಿನಲ್ಲೇ ಇಡೀ ಅಂಗಳದ ತಗ್ಗು. ಭಾವ ಹಾಕಿಸಿದ ಜಾಲರಿಯ ಜಾಗಕ್ಕಿಂತ ಪೂರಾ ಮೂರು ಬೆರಳು ಕೆಳಗೆ.

‘ಇಷ್ಟು ಸರಿಯಾಗಿ ಹೆಂಗೆ ಹೇಳಿದ್ರಮ್ಮಾ?’ ಎಂದ ಮೇಸ್ತ್ರಿ. ‘ಕಸ ಗುಡಿಸಿ ಗುಡಿಸಿ ಗೊತ್ತಾಯ್ತಾ?’

‘ಗುಡಿಸುವಾಗ ಆ ಮೂಲೆ ಅಂತ ಗೊತ್ತಿತ್ತು, ಅಷ್ಟೇ. ನಾನು ಬಿದ್ದಿದ್ದು ಅಲ್ಲೇ’ ಎಂದಳು ಅಕ್ಕ.

ಅವಳೇ ಮುಂದುವರಿಸಿದಳು. ‘ಕೆನ್ನೆ ನೆಲಕ್ಕೆ ಅಂಟಿತ್ತು, ಒಂದು ಕಿವಿ ನೀರಲ್ಲಿತ್ತು. ಅಲ್ಲಾಡೋಕೆ ಆಗ್ತಿರಲಿಲ್ಲ. ಅಂಗಳದ ನೀರೆಲ್ಲ ನಿಧಾನವಾಗಿ ನನ್ನ ಕಡೆಗೇ ಬರ್ತಾ ಇರೋದು ಕಾಣ್ತಿತ್ತು. ಬಚ್ಚಲ ಹತ್ರದಿಂದ ಒಂದು ಒಣಗಿದ ಎಲೆ ತೇಲ್ಕೊಂಡು ಬಂತು. ಬಂದು ನನ್ನ ಮೂಗಿನ ಮುಂದೆ ನಿಂತ್ಕೊಳ್ತು. ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ. ಹಾಲಿನವಳು ಬರೋ ತನಕ ಅದನ್ನೇ ನೋಡ್ತಾ ಇದ್ದೆ.’

ಮೂರು ತಿಂಗಳು ಅವಳು ನನ್ನ ಮನೆಯಲ್ಲಿ ಮಲಗಿದ್ದಳು. ಆ ಮೂರು ತಿಂಗಳೂ ನಾನು ಅವಳ ಎದುರು ಭಾವನನ್ನು ಬೈದು ಬೈದು ಬಾಯಿ ಒಣಗಿಸಿಕೊಂಡಿದ್ದೆ. ಎಲ್ಲಿ ಬಿದ್ದೆ, ಹೇಗೆ ಬಿದ್ದೆ, ಎಷ್ಟು ಹೊತ್ತು ಬಿದ್ದಿದ್ದೆ ಎಂದು ಒಂದು ಮಾತು ಕೇಳಿರಲಿಲ್ಲ. ನನ್ನ ಯೋಗ್ಯತೆಯೂ ಅಷ್ಟೇ. ಹಿಡಿದಿದ್ದ ಪೈಪಿನ ತುದಿಯಿಂದ ನೀರು ನನ್ನ ಕಾಲ ಮೇಲೆ ಚೆಲ್ಲುತ್ತಿದ್ದದ್ದು ಕೂಡ ಮೇಸ್ತ್ರಿ ಹೇಳಿದ ಮೇಲೇ ತಿಳಿದದ್ದು.

‘ನನ್ನ ಕರೀಬಾರದಿತ್ತಾ?’ ಎಂದರು ಭಾವ.

ಅಕ್ಕ ಅವರ ಮುಖವನ್ನು ಸರಿಯಾಗಿ ನೋಡಿದಳು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ‘ಕರೆದೆ. ಮೂರು ಸಲ ಕರೆದೆ. ಮೂರು ಸಲವೂ ಬಂದೆ ಅಂದ್ರಿ.’

ಭಾವ ಮುರಿದ ಚಪ್ಪಡಿಯ ಹತ್ತಿರ ಹೋಗಿ ಬಗ್ಗಿ ನೋಡಿದರು.

‘ಮೊದಲು ಆ ಕಟ್ಟೆ ಒಡೀಬೇಕು, ನನ್ನ ವಾಕರ್ ತಾಗುತ್ತೆ’ ಎಂದಳು ಅಕ್ಕ. ಮೇಸ್ತ್ರಿ ಉಳಿ ಸುತ್ತಿಗೆ ಎತ್ತಿದ. ‘ನೀವಲ್ಲ. ಅವರು ಒಡೀಲಿ.’

ಇಸ್ತ್ರಿ ಮಾಡಿದ ಅಂಗಿಯಲ್ಲೇ ಭಾವ ಮಂಡಿಯೂರಿ ಕೂತರು. ಸುತ್ತಿಗೆ ಹಿಡಿಯುವುದೂ ಬಾರದು. ಎರಡನೇ ಏಟಿಗೇ ಹೆಬ್ಬೆರಳು ಜಜ್ಜಿಕೊಂಡರು. ಬಾಯಿಗಿಟ್ಟುಕೊಂಡು ಚೀಪಿ ಮತ್ತೆ ಹೊಡೆದರು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಹೊಸ ಚೇಂಬರಿಗೆ ಇನ್ನೂ ನಾಲ್ಕು ದಿನ ಹಿಡಿಯಿತು. ಅಕ್ಕ ದಿನಾ ಬಂದು ಕುರ್ಚಿಯಲ್ಲಿ ಕೂತು ಹೇಳಿದಳು, ಮೇಸ್ತ್ರಿ ಮಾಡಿದ, ಭಾವ ಮಣ್ಣು ಹೊತ್ತರು. ಈ ಸಲ ಜಾಲರಿ ನೆಲಕ್ಕಿಂತ ಒಂದು ಕೂದಲಷ್ಟು ಕೆಳಗೇ ಕೂತಿತು. ಮುಂದಿನ ಮಳೆಯಲ್ಲಿ ಅಂಗಳದ ನೀರು ಒಂದು ತೊಟ್ಟೂ ನಿಲ್ಲದೆ ಹೋದದ್ದನ್ನು ಗೇಟಿನಲ್ಲಿ ಕೊಡೆ ಹಿಡಿದು ನಿಂತು ಕಣ್ಣಾರೆ ನೋಡಿದ ಮೇಲೆಯೇ ಅಕ್ಕ ತನ್ನ ಚೀಲ ತರಿಸಿಕೊಂಡಳು.

ಆ ಮನುಷ್ಯ ಬದಲಾದರು ಎನ್ನುವಷ್ಟು ದಡ್ಡ ನಾನಲ್ಲ. ಆ ಬಣ್ಣದ ಪ್ಲಾನನ್ನು ಭಾವ ಇನ್ನೂ ಜೋಪಾನವಾಗಿ ಇಟ್ಟಿದ್ದಾರೆ, ಸಿಕ್ಕವರಿಗೆ ತೋರಿಸುತ್ತಾರೆ. ಆದರೆ ಮೊನ್ನೆ ನಾನು ಹೋದಾಗ ಅವರು ಪೇಪರು ಓದುತ್ತಿದ್ದರು. ಬಚ್ಚಲಿನ ಕಡೆಯಿಂದ ಅಕ್ಕ ‘ರೀ’ ಎಂದಳು. ಭಾವ ‘ಬಂ’ ಎಂದು ಬಾಯಿ ತೆರೆದವರು ಅಷ್ಟಕ್ಕೇ ನಿಲ್ಲಿಸಿದರು. ಪೇಪರು ನೆಲಕ್ಕೆ ಬಿತ್ತು. ಚಪ್ಪಲಿಯನ್ನೂ ಮೆಟ್ಟದೆ ಅಂಗಳ ದಾಟಿ ಓಡಿದರು. ಅಕ್ಕ ಕೇಳಿದ್ದು ಒಂದು ಟವೆಲು.