ಹುಲ್ಲಿನಡಿಯ ಈಜುಕೊಳ

ಬೆಳಗಿನ ಐದೂವರೆ. ವಿನ್‌ಬರ್ನ್ ಊರಿನ ದೊಡ್ಡ ಪಾರ್ಕಿನಲ್ಲಿ ಇನ್ನೂ ಮಬ್ಬುಗತ್ತಲೆ. ಓಝೆಲ್ಲಾ ಪ್ರೂಯಿಟ್ ಹುಲ್ಲು ಕೊಯ್ಯುವ ಗಾಡಿಯನ್ನು ಹತ್ತುವ ಮುಂಚೆ ಮೈದಾನವನ್ನು ಒಂದು ಸುತ್ತು ನಡೆಯುತ್ತಾರೆ. ಬಿಯರ್ ಡಬ್ಬಿ, ಮಕ್ಕಳ ಚಪ್ಪಲಿ, ಯಾರೋ ಎಸೆದ ಕೋಳಿ ಮೂಳೆ, ಎಲ್ಲವನ್ನೂ ಹೆಕ್ಕಿ ಚೀಲಕ್ಕೆ ಹಾಕುತ್ತಾರೆ. ಆಮೇಲೆ ಒಣಹುಲ್ಲಿನ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಇಂಜಿನ್ ಚಾಲೂ ಮಾಡುತ್ತಾರೆ. "ಹತ್ತು ಗಂಟೆ ಆದ್ಮೇಲೆ ಈ ಮಿಸಿಸಿಪ್ಪಿ ಬಿಸಿಲಲ್ಲಿ ಹಲ್ಲಿ ಕೂಡ ಹೊರಗೆ ಬರಲ್ಲ. ಹಲ್ಲಿಗಿರೋ ಬುದ್ಧಿ ನನಗೂ ಇರ್ಬೇಕಲ್ವಾ?" ಎಂದು ನಗುತ್ತಾರೆ.

ಅರವತ್ತೊಂದು ವರ್ಷದ ಓಝೆಲ್ಲಾ ಊರಿನ ನಾಲ್ಕು ಪಾರ್ಕುಗಳನ್ನು ಇಪ್ಪತ್ಮೂರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಹುಲ್ಲು ಕೊಯ್ಯುವುದು, ಶೌಚಾಲಯ ತೊಳೆಯುವುದು, ಬೇಸ್‌ಬಾಲ್ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ಸತ್ತ ನಾಯಿಯನ್ನು ಹೂಳುವುದು, ಎಲ್ಲ ಅವರದೇ. ಊರಿನವರೆಲ್ಲ "ಮಿಸ್ ಓಝೆಲ್ಲಾ" ಎಂದು ಕೈಬೀಸುತ್ತಾರೆ. ಅವರ ಮನೆತನದ ಹೆಸರೇನೆಂದು ಕೇಳಿದರೆ ಹೇಳುವವರು ಕಡಿಮೆ. ಮದುವೆಯ ಫೋಟೋಗಳಿಗೆ ಜನ ಇದೇ ಪಾರ್ಕಿಗೆ ಬರುವುದರಿಂದ ಎಷ್ಟೋ ಮನೆಗಳ ಗೋಡೆಯ ಮೇಲೆ, ನವದಂಪತಿಯ ಹಿಂದೆ ದೂರದಲ್ಲಿ, ಓಝೆಲ್ಲಾ ಅವರ ಬೆನ್ನು ಇದೆ.

ಆ ಫೋಟೋಗಳನ್ನು ತೆಗೆಸುವುದು ಪಾರ್ಕಿನ ನಟ್ಟನಡುವಿನ ಹುಲ್ಲುಹಾಸಿನ ಮೇಲೆ. ಆಯತಾಕಾರ, ಮೇಜಿನ ಹಾಗೆ ಸಮತಟ್ಟು. ಅದರದೊಂದೇ ತಂಟೆ. ಜುಲೈ ಬಂತೆಂದರೆ ಸುತ್ತಲ ಹುಲ್ಲೆಲ್ಲ ಹಸಿರಾಗಿದ್ದರೂ ಅಲ್ಲಿ ಮಾತ್ರ, ಸ್ಕೇಲ್ ಇಟ್ಟು ಎಳೆದಂತೆ, ಹಳದಿ ಬೀಳುತ್ತಿತ್ತು. "ನೀರು ಸರಿಯಾಗಿ ಬಿಡ್ತಿಲ್ಲ ನೀನು" ಎಂದು ಮೇಲಿನವರು ಬೈಯುತ್ತಿದ್ದರು. ಓಝೆಲ್ಲಾ ಗೊಬ್ಬರ ಹಾಕಿದರು, ಬೀಜ ಬದಲಿಸಿದರು, ಪೈಪು ಹಿಡಿದು ಗಂಟೆಗಟ್ಟಲೆ ನಿಂತರು. ಹುಲ್ಲು ಮಾತು ಕೇಳಲಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ಆ ಜಾಗದ ಅಂಚಿನಲ್ಲಿ ನೀರಿನ ಕೊಳವೆ ಒಡೆಯಿತು. ನಗರಸಭೆಯ ಡ್ವೇನ್ ಹಟ್ಟೊ ಅಗೆಯುವ ಯಂತ್ರ ತಂದ. ನಲವತ್ತರ ಬಿಳಿ ಮನುಷ್ಯ, ಮಾತು ಕಡಿಮೆ. ನಾಲ್ಕಡಿ ಕೆಳಗೆ ಹೋಗುವಷ್ಟರಲ್ಲಿ ಯಂತ್ರದ ಹಲ್ಲು ಯಾವುದಕ್ಕೋ ತಾಗಿ ಹಲ್ಲು ಜುಮ್ಮೆನ್ನುವಂಥ ಸದ್ದು ಬಂತು. ಅವನೂ ಓಝೆಲ್ಲಾ ಅವರೂ ಗುಂಡಿಗಿಳಿದು ಕೈಯಲ್ಲೇ ಮಣ್ಣು ಸರಿಸಿದರು. ಮೊದಲು ಕಂಡಿದ್ದು ಆಕಾಶನೀಲಿಯ ಟೈಲ್ಸ್. ಆಮೇಲೆ ಉಕ್ಕಿನ ಏಣಿ. ಪಕ್ಕದಲ್ಲಿ ಕಪ್ಪು ಬಣ್ಣದಲ್ಲಿ ಬರೆದ ಅಕ್ಷರ: ಆಳ, ಐದು ಅಡಿ.

"ಹುಲ್ಲು ಅಲ್ಲಿ ಮಾತ್ರ ಯಾಕೆ ಒಣಗ್ತಿತ್ತು ಅಂತ ಆಗ ಗೊತ್ತಾಯ್ತು. ಯಾರದೋ ಮನೆ ಮೇಲೆ ಇಷ್ಟು ವರ್ಷ ಗಾಡಿ ಓಡಿಸಿದೀನಿ ಅನ್ನಿಸ್ತು" ಎನ್ನುತ್ತಾರೆ ಓಝೆಲ್ಲಾ.

ಡ್ವೇನ್ ಟೈಲ್ಸ್ ಮೇಲೆ ಅಂಗೈ ಆಡಿಸುತ್ತಾ ಬಹಳ ಹೊತ್ತು ಕೂತಿದ್ದನಂತೆ. "ನಮ್ಮಜ್ಜ ಯಾವಾಗ್ಲೂ ಹೇಳ್ತಿದ್ರು, ಊರಲ್ಲೊಂದು ಕೊಳ ಇತ್ತು, ಸೋರ್ತಿತ್ತು, ಅದಕ್ಕೆ ಮುಚ್ಚಿದ್ರು ಅಂತ. ಎಲ್ಲಿ ಸೋರ್ತಿತ್ತು, ಮಿಸ್ ಓಝೆಲ್ಲಾ? ಕೂದಲೆಳೆಯಷ್ಟು ಬಿರುಕೂ ಇಲ್ವಲ್ಲ!"

ಹಿಂದೊಂದು ಕಾಲದಲ್ಲಿ ಬಿಳಿಯರ ಈಜುಕೊಳ ಇತ್ತೆಂದು ಓಝೆಲ್ಲಾ ಕೂಡ ಕೇಳಿದ್ದರು. ರಸ್ತೆಯಾಚೆ, ಸದಸ್ಯರಿಗೆ ಮಾತ್ರ ಎಂದು ಬೋರ್ಡು ಹಾಕಿಕೊಂಡ ಕ್ಲಬ್ಬಿನಲ್ಲಿರುವುದೇ ಅದು ಎಂದುಕೊಂಡಿದ್ದರು. ಮಧ್ಯಾಹ್ನ ಬುತ್ತಿಯನ್ನೂ ಬಿಚ್ಚದೆ ಅಮ್ಮನ ಮನೆಗೆ ಹೋದರು. ಎಂಬತ್ತಾರರ ವರ್ಡೀ ಮೇ ವರಾಂಡದಲ್ಲಿ ಅವರೆಕಾಳು ಸುಲಿಯುತ್ತಿದ್ದರು.

"ಅಮ್ಮಾ, ಪಾರ್ಕಲ್ಲಿ ನೆಲದಡಿ ಈಜುಕೊಳ ಇದೆ."

"ಗೊತ್ತು."

"ಗೊತ್ತು ಅಂದ್ರೆ?"

"ಅದಕ್ಕೆ ಮಣ್ಣು ಸುರಿಯೋದನ್ನ ಕಣ್ಣಾರೆ ನೋಡಿದೀನಿ ಕಣೇ."

ಸುಲಿಯುವ ಕೈ ನಿಲ್ಲಲೇ ಇಲ್ಲವಂತೆ. ಓಝೆಲ್ಲಾ ಆಗ ಇನ್ನೂ ತೊಟ್ಟಿಲ ಕೂಸು. ಅಣ್ಣ ಆಲ್ಟನ್‌ಗೆ ನಾಲ್ಕು ವರ್ಷ. ಬಿಳಿಯರಿಗಷ್ಟೇ ಮೀಸಲಾಗಿದ್ದ ಕೊಳಕ್ಕೆ ಕಪ್ಪು ಮಕ್ಕಳನ್ನೂ ಬಿಡಬೇಕೆಂದು ಕೋರ್ಟು ಹೇಳಿತು. ಹಳೇ ಪರದೆ ಬಟ್ಟೆಯಲ್ಲಿ ವರ್ಡೀ ಮೇ ಮಗನಿಗೆ ಈಜುವ ಚಡ್ಡಿ ಹೊಲಿದರು. ಸೋಮವಾರ ಬೆಳಿಗ್ಗೆ ಅವನ ಕೈಹಿಡಿದು, ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬೇಲಿಯ ಹತ್ತಿರ ಹೋದರೆ ಲಾರಿಗಳು ಸಾಲಾಗಿ ನಿಂತಿದ್ದವು. ನೀರನ್ನು ಪೂರ್ತಿ ಖಾಲಿ ಕೂಡ ಮಾಡಿರಲಿಲ್ಲ. ಅದರ ಮೇಲೆಯೇ ಮಣ್ಣು.

"ಆಲ್ಟನ್ ಕೇಳಿದ, ಅಮ್ಮಾ, ಅವ್ರು ನೀರಿಗೆ ಯಾಕೆ ಮಣ್ಣು ಹಾಕ್ತಿದಾರೆ ಅಂತ. ನಾನೇನು ಹೇಳ್ಲಿ? ನೀನು ಮುಟ್ಟೋ ನೀರನ್ನ ತಾವು ಮುಟ್ಟೋಕಿಂತ, ತಮ್ಮ ಮಕ್ಕಳಿಗೂ ನೀರಿಲ್ಲದೆ ಹೋದ್ರೂ ಪರವಾಗಿಲ್ಲ ಅಂದ್ಕೊಂಡ್ರು ಅಂತ ನಾಲ್ಕು ವರ್ಷದ ಮಗುಗೆ ಹೇಳೋಕಾಗತ್ತಾ?"

ಅದೇ ಬೇಸಿಗೆ ರಸ್ತೆಯಾಚೆಯ ಕ್ಲಬ್ಬು ಹುಟ್ಟಿತು. ವಿನ್‌ಬರ್ನ್ ಒಂದೇ ಅಲ್ಲ, ಕೋರ್ಟು ಹಂಚಿಕೊಳ್ಳಿ ಎಂದಾಗ ಹೂತುಬಿಡೋಣ ಎಂದ ಊರುಗಳು ಈ ದೇಶದಲ್ಲಿ ಬೇರೆಯೂ ಇವೆ. ಕಾಸಿದ್ದ ಬಿಳಿಯರು ಕ್ಲಬ್ಬಿಗೆ ಹೋದರು. ಕಪ್ಪು ಮಕ್ಕಳು ನದಿಗೆ ಹೋದರು. ಏಳು ವರ್ಷಗಳ ನಂತರ, ಹನ್ನೊಂದರ ಆಲ್ಟನ್ ಸೋದರಸಂಬಂಧಿಗಳ ಜೊತೆ ನದಿಗಿಳಿದವನು ಮೇಲೇಳಲಿಲ್ಲ. ದಡದಲ್ಲಿದ್ದ ಐವರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಎಂಟು ವರ್ಷದ ಓಝೆಲ್ಲಾ ಅವರಲ್ಲೊಬ್ಬಳು.

"ಅಮ್ಮನ ಮೇಲೆ ಕೂಗಾಡಿಬಿಟ್ಟೆ" ಎನ್ನುತ್ತಾರೆ ಓಝೆಲ್ಲಾ. "ಇಪ್ಪತ್ತೆರಡು ವರ್ಷ ಅದಕ್ಕೆ ನೀರು ಹಾಕಿದೀನಿ, ಬಾಚಿದೀನಿ. ನೀನು ದಿನಾ ಬುತ್ತಿ ಕಟ್ಟಿ ಕಳಿಸ್ತಿದ್ದೆ, ಒಂದು ಮಾತು ಹೇಳ್ಲಿಲ್ವಲ್ಲ ಅಂದೆ."

ವರ್ಡೀ ಮೇ ಆಗ ಬಟ್ಟಲನ್ನು ಕೆಳಗಿಟ್ಟರಂತೆ. "ನಿಂಗೆ ಅಲ್ಲಿ ಕೆಲಸ ಸಿಕ್ತು ಅಂದ ದಿನ ಬಚ್ಚಲ ಬಾಗಿಲು ಹಾಕ್ಕೊಂಡು ಅತ್ತಿದೀನಿ. ಹೇಳಿದ್ರೆ ಬಿಟ್ಟುಬಿಡ್ತಿದ್ದೆ. ಪಿಂಚಣಿ, ಆಸ್ಪತ್ರೆ ವಿಮೆ ಎರಡೂ ಇರೋ ಕೆಲಸ ಈ ಊರಲ್ಲಿ ನಮ್ಮೋರಿಗೆ ಎಷ್ಟು ಸಿಗತ್ತೆ? ಒಂದು ಮಗೂನ ನದಿ ತಿಂತು. ಇನ್ನೊಂದನ್ನ ಕೋಪಕ್ಕೆ ಕೊಡ್ಬೇಕಿತ್ತಾ?"

ಮರುದಿನ ಪಾರ್ಕು ವಿಭಾಗದ ಮೇಲ್ವಿಚಾರಕ ಗ್ಯಾರಿ ಪಾಟ್ಸ್ ಬಂದು ಗುಂಡಿ ನೋಡಿದ. ಯಾರಾದರೂ ಬಿದ್ದರೆ ನಗರಸಭೆಯ ಮೇಲೆ ದಾವೆ ಬೀಳುತ್ತದೆ, ವಾರಾಂತ್ಯದೊಳಗೆ ಮುಚ್ಚಿ ಹುಲ್ಲು ಹಾಸಿಬಿಡಿ ಎಂದ. ಇಷ್ಟು ವರ್ಷಗಳಲ್ಲಿ ಓಝೆಲ್ಲಾ ಹೇಳಿದ ಕೆಲಸವನ್ನು ಇಲ್ಲವೆಂದವರಲ್ಲ.

"ಶನಿವಾರ ಅಮ್ಮನ್ನ ಕರ್ಕೊಂಡು ಬರ್ತೀನಿ. ಅವಳು ನೋಡಿದ್ಮೇಲೆ ಮುಚ್ಚಿ" ಎಂದರು.

"ಇದೇನು ನಿಮ್ಮ ಹಿತ್ತಲಲ್ಲ, ಓಝೆಲ್ಲಾ."

"ಹೌದು ಸಾರ್. ನಮ್ಮದಲ್ಲ ಅಂತ ನಿನ್ನೆ ಚೆನ್ನಾಗಿ ಗೊತ್ತಾಯ್ತು."

ಗ್ಯಾರಿ ಡ್ವೇನ್ ಕಡೆ ತಿರುಗಿದ. ಡ್ವೇನ್ ಯಂತ್ರದ ಕೀಲಿಯನ್ನು ಜೇಬಿಗಿಳಿಸಿ, "ಎಣ್ಣೆ ಪೈಪು ಒಡೆದಿದೆ, ಸೋಮವಾರದ ತನಕ ಅಲ್ಲಾಡಲ್ಲ" ಎಂದ. ಯಂತ್ರದಲ್ಲಿ ಏನೂ ಒಡೆದಿರಲಿಲ್ಲ.

ಶನಿವಾರ ವರ್ಡೀ ಮೇ ಚರ್ಚಿಗೆ ಹಾಕುವ ನೇರಳೆ ಟೋಪಿ ಧರಿಸಿ ಬಂದರು. ಅಷ್ಟರಲ್ಲಿ ಸುದ್ದಿ ಹರಡಿ ಕಪ್ಪು ಜನ, ಬಿಳಿಯರು, ಸುಮಾರು ಮಂದಿ ನೆರೆದಿದ್ದರು. ಓಝೆಲ್ಲಾ ಮತ್ತು ಡ್ವೇನ್ ಎರಡು ದಿನ ಸಲಿಕೆ ಹಿಡಿದು ಆಳವಿಲ್ಲದ ಕಡೆಯ ಮೆಟ್ಟಿಲುಗಳನ್ನು ಬಿಡಿಸಿಟ್ಟಿದ್ದರು. ಮುದುಕಿ ಮಗಳ ಹೆಗಲು ಹಿಡಿದು ಇಳಿದು, ಮೆಟ್ಟಿಲ ಮೇಲೆ ಕೂತು, ಬೂಟು ಕಾಲುಚೀಲ ಕಳಚಿ, ಬರಿಗಾಲನ್ನು ಟೈಲ್ಸ್ ಮೇಲಿಟ್ಟರು.

ಗುಂಪಿನಿಂದ ಎಪ್ಪತ್ತರ ಆಸುಪಾಸಿನ ಬಿಳಿ ಹೆಂಗಸೊಬ್ಬರು ಮುಂದೆ ಬಂದರು. "ನಾನು ಇಲ್ಲೇ ಈಜು ಕಲಿತಿದ್ದು. ಒಂದು ಬೇಸಿಗೆ ಅಜ್ಜಿ ಮನೆಗೆ ಹೋಗಿ ವಾಪಸ್ ಬರೋಷ್ಟರಲ್ಲಿ ಕೊಳವೇ ಇರ್ಲಿಲ್ಲ. ಯಾಕೆ ಅಂತ ಯಾರನ್ನೂ ಕೇಳ್ಲೇ ಇಲ್ಲ ನಾನು."

"ಈಗ ಕೇಳಮ್ಮ. ನಾನಿನ್ನೂ ಬದುಕಿದೀನಿ" ಎಂದರು ವರ್ಡೀ ಮೇ.

ಆಕೆ ಕೇಳಿದರು. ವರ್ಡೀ ಮೇ ಎಲ್ಲರೆದುರು ಹೇಳಿದರು, ಚಡ್ಡಿಯಿಂದ ನದಿಯವರೆಗೆ. ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಿಂತೇ ಇದ್ದರು. ಕೇಳುತ್ತಿದ್ದ ಕೆಲವರು ಅರ್ಧಕ್ಕೇ ಹೊರಟುಹೋದರು.

ಆಮೇಲಿನದು ನಗರಸಭೆಯ ಕಥೆ. ಎರಡು ಸಭೆ, ಬೇಕಾದಷ್ಟು ಜಗಳ. "ಹಳೇ ಗಾಯ ಕೆರೀಬೇಡಿ" ಎಂದವರೇ ಹೆಚ್ಚು. ಅಲ್ಲಿಯತನಕ ಆ ಸಭಾಂಗಣವನ್ನು ಗುಡಿಸಲು ಮಾತ್ರ ಹೊಕ್ಕಿದ್ದ ಓಝೆಲ್ಲಾ ಮೈಕಿನ ಮುಂದೆ ನಿಂತು ಮಾತಾಡಿದರು. ಕೊನೆಗೆ ಕೊಳವನ್ನು ಮತ್ತೆ ಮುಚ್ಚಲಾಯಿತು. ಮೆಟ್ಟಿಲುಗಳಿದ್ದ ಮೂಲೆಯನ್ನು ಮಾತ್ರ ಕಂಬಿ ಹಾಕಿ ಉಳಿಸಿದ್ದಾರೆ. ಪಕ್ಕದಲ್ಲಿ ಒಂದು ಫಲಕ ನಿಲ್ಲಿಸಿದ್ದಾರೆ. ಅದು ವರ್ಷದಿಂದ ಖಾಲಿ. "ಸೋರುತ್ತಿದ್ದ ಕಾರಣ" ಎಂದು ಬರೆಯಬೇಕೆಂದು ಹಟ ಹಿಡಿದವರು ಈಗಲೂ ಇದ್ದಾರೆ! ಆಜ್ಞೆ ಮೀರಿದ್ದಕ್ಕೆ ಓಝೆಲ್ಲಾಗೆ ಎಚ್ಚರಿಕೆ ಸಿಕ್ಕಿತು, ಡ್ವೇನ್‌ಗೂ. ಊರಿಗೆ ಸಾರ್ವಜನಿಕ ಈಜುಕೊಳ ಮಾತ್ರ ಇವತ್ತಿಗೂ ಇಲ್ಲ.

ಎಚ್ಚರಿಕೆ ಪತ್ರ ಸಿಕ್ಕ ದಿನವೇ ಡ್ವೇನ್ ಅವರಿಗೆ ಇನ್ನೊಂದು ಮಾತು ಹೇಳಿದ್ದ. "ನಂಗೂ ಈಜು ಬರಲ್ಲ, ಮಿಸ್ ಓಝೆಲ್ಲಾ. ಕ್ಲಬ್ಬಿಗೆ ಕಟ್ಟೋ ದುಡ್ಡು ನಮ್ಮಪ್ಪನ ಹತ್ರ ಎಲ್ಲಿತ್ತು?" ಓಝೆಲ್ಲಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಯ್ಯೋ ದೇವರೇ, ನಿಮ್ಮನ್ನೂ ಹೂತುಬಿಟ್ರಲ್ಲೋ" ಎಂದರಂತೆ.

ಈಗ ಪ್ರತಿ ಗುರುವಾರ ಕೆಲಸ ಮುಗಿಸಿ ಇಬ್ಬರೂ ಡ್ವೇನ್‌ನ ಹಳೇ ಟ್ರಕ್ಕಿನಲ್ಲಿ ಪಕ್ಕದ ಜಿಲ್ಲೆಯ ಕೊಳಕ್ಕೆ ಹೋಗುತ್ತಾರೆ. ಕಲಿಸುವವಳು ಇಪ್ಪತ್ತರ ಹುಡುಗಿ. ಮೊದಲ ತಿಂಗಳು ಓಝೆಲ್ಲಾ ಸೊಂಟದ ನೀರಿನಲ್ಲಿ ಅಂಚು ಹಿಡಿದು ನಿಂತು ಬಂದರು, ಅಷ್ಟೇ. ಮುಖಕ್ಕೆ ನೀರು ತಾಗಿದರೆ ಅಣ್ಣನ ಕೈ ಕಾಣಿಸುತ್ತಿತ್ತು. ಮನೆಗೆ ಮರಳಿದಾಗಲೆಲ್ಲ ವರ್ಡೀ ಮೇ ಕೇಳುವುದು ಒಂದೇ: "ಮುಖ ಮುಳುಗಿಸಿದ್ಯಾ?"

ಆಸೆಯೇನು ಎಂದು ಕೇಳಿದರೆ ಓಝೆಲ್ಲಾ ಗಾಡಿಯ ಇಂಜಿನ್ ಆರಿಸಿ ಕೈ ಒರೆಸಿಕೊಳ್ಳುತ್ತಾರೆ. "ನಮ್ಮೂರಲ್ಲೇ ಒಂದು ಕೊಳ ಆಗ್ಬೇಕು, ಯಾರ ಮಗೂಗೂ ಬೇಲಿ ಇಲ್ದೇ ಇರೋದು. ನನ್ನ ಕಾಲಕ್ಕೆ ಆಗ್ದೇ ಹೋಗ್ಬಹುದು." ಆಮೇಲೆ, ಯಾರಾದರೂ ಕೇಳಿಸಿಕೊಂಡಾರೆಂಬಂತೆ ದನಿ ತಗ್ಗಿಸುತ್ತಾರೆ. "ಹೋದ ಗುರುವಾರ ಆ ಕಡೆ ಗೋಡೆಯಿಂದ ಈ ಕಡೆಗೆ ದಾಟಿಬಿಟ್ಟೆ. ಸಾಕು, ಹತ್ತಿ ಬನ್ನಿ ಅಂದ್ಲು ಹುಡುಗಿ. ತಡಿಯಮ್ಮ, ವಾಪಸ್ಸೂ ಹೋಗ್ಬೇಕು ಅಂದೆ. ಹೋದೆ."