ಬ್ರೇಕ್ ಪ್ಯಾಡಿಗಿಟ್ಟ ಬೊಟ್ಟು

ಕಾರಿನ ಬ್ರೇಕು ಬದಲಿಸಬೇಕು ಎಂದು ಗೊತ್ತಾದ ಮೇಲೂ ನಾನು ಎರಡು ತಿಂಗಳು ಸುಮ್ಮನಿದ್ದೆ. ಸೋಮಾರಿತನದಿಂದಲ್ಲ. ಮುಂದಿನ ಚಕ್ರಗಳ ಬ್ರೇಕನ್ನು ಕೊನೆಯ ಸಲ ಬಿಚ್ಚಿ ಕಟ್ಟಿದ್ದವರು ನಮ್ಮ ಯಜಮಾನರು. ಅವರು ಹೋಗಿ ಎರಡು ವರ್ಷವಾಯಿತು. ಶರ್ಟುಗಳನ್ನು ಅವರಿವರಿಗೆ ಕೊಟ್ಟಾಗಿತ್ತು, ಮೊಬೈಲು ಕೆಟ್ಟು ಕೂತಿತ್ತು. ಅವರ ಕೈಯಿಂದ ಆದದ್ದು ಅಂತ ಇನ್ನೂ ನಡೆಯುತ್ತಿದ್ದದ್ದು ಇದೊಂದೇ. ಅದನ್ನೂ ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಹಾಸನದಿಂದ ಹೊಳೆನರಸೀಪುರದ ಶಾಲೆಗೆ ನಾನು ದಿನಾ ಹೋಗಿ ಬರುವ ಗಾಡಿ ಅದು. ಜೊತೆಗೆ ನಮ್ಮ ಶಾಲೆಯ ಗಣಿತದ ಮೇಡಂ. ಬ್ರೇಕ್ ಒತ್ತಿದರೆ ಕರಕರ ಎನ್ನತೊಡಗಿದಾಗ ನಾನು ಹಾಡಿನ ಸೌಂಡ್ ಜಾಸ್ತಿ ಮಾಡಿದೆ. ಒಂದು ಬೆಳಿಗ್ಗೆ ಮುಂದಿದ್ದ ಕಬ್ಬಿನ ಟ್ರ್ಯಾಕ್ಟರು ಗಕ್ಕನೆ ನಿಂತಿತು. ನಮ್ಮ ಕಾರು ನಿಲ್ಲಲಿಲ್ಲ, ಜಾರಿಕೊಂಡೇ ಹೋಯಿತು. ಇನ್ನೊಂದು ಮೊಳ ಹೋಗಿದ್ದರೆ ಜಲ್ಲೆಗಳು ಗಾಜು ಒಡೆದು ಒಳಗೆ ಬರುತ್ತಿದ್ದವು. ಮೇಡಂ ಶಾಲೆಯವರೆಗೂ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಊರಿಕೊಂಡೇ ಕೂತಿದ್ದರು. ಇಳಿಯುವಾಗ, "ನಾಳೆಯಿಂದ ಬಸ್ಸಲ್ಲಿ ಬತ್ತೀನಿ ಕಣ್ರೀ, ಇನ್ನೂ ಮಗಳ ಮದ್ವೆ ಮಾಡೋದೈತೆ," ಎಂದರು.

ಫೋನಿನಲ್ಲಿ ಮೆಕ್ಯಾನಿಕ್, ಕರಕರ ಅಂದರೆ ಡಿಸ್ಕೂ ಹೋಗಿರುತ್ತೆ, ಪ್ಯಾಡಿನ ಜೊತೆ ಅದನ್ನೂ ತನ್ನಿ ಎಂದ. ಡಿಸ್ಕೆಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಅದನ್ನು ಎರಡೂ ಬದಿಯಿಂದ ಅದುಮಿ ನಿಲ್ಲಿಸುವುದು ಪ್ಯಾಡು. ಶನಿವಾರ ಹಾಸನದ ಸ್ಪೇರ್ಸ್ ಅಂಗಡಿಗೆ ಹೋದೆ. ಅಂಗಡಿಯವನು ತೂತು ತೂತಿನ ಡಿಸ್ಕೊಂದನ್ನು ಮುಂದಿಟ್ಟು, ಈಗೆಲ್ಲ ಇದನ್ನೇ ಒಯ್ಯುತ್ತಾರೆ ಎಂದು ಹೊಗಳಿದ. ಇಂಥ ಕೌಂಟರುಗಳ ಮುಂದೆ ಇಪ್ಪತ್ತು ವರ್ಷ ಯಜಮಾನರ ಪಕ್ಕ ಬೇಜಾರಿನಲ್ಲಿ ನಿಂತವಳು ನಾನು. ತೂತಿನದು ರೇಸಿನವರಿಗೆ, ದಿನಾ ಓಡುವ ಗಾಡಿಗೆ ಸಾದಾದೇ ಸಾಕು ಎಂದೆ. ಪ್ಯಾಡು ತೀರಾ ಗಟ್ಟಿಯಾದರೆ ಡಿಸ್ಕನ್ನೇ ತಿನ್ನುತ್ತದೆ, ತೀರಾ ಮೆತ್ತಗಾದರೆ ತಾನೇ ಸವೆಯುತ್ತದೆ, ಕಾರಿನ ಕಂಪನಿಯದೇ ಕೊಡಿ ಎಂದೆ. ಯಾರಮ್ಮ ಹೇಳಿಕೊಟ್ಟಿದ್ದು ಎಂದು ಕೇಳಿದ. ಮನೇಲಿ ಎಂದಷ್ಟೇ ಹೇಳಿದೆ. ಇನ್ನೊಂದು ಮಾತಾಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದ ಮೆಕ್ಯಾನಿಕ್ ಹಳೆಯ ಪ್ಯಾಡುಗಳನ್ನು ಅಂಗೈಯಲ್ಲಿಟ್ಟುಕೊಂಡು ನಗತೊಡಗಿದ. ಅವುಗಳ ಬೆನ್ನ ಮೇಲೆ ಕಪ್ಪಿಗೆ ತಿರುಗಿದ ಕುಂಕುಮದ ಬೊಟ್ಟು! ಅರಕಲಗೂಡಿನ ಕಡೆಯ ನನ್ನ ಅತ್ತೆಮನೆಯಲ್ಲಿ ಆಯುಧಪೂಜೆಗೆ ನೇಗಿಲನ್ನು ಪೂರ್ತಿ ಕಳಚಿ, ಅದರ ಕಬ್ಬಿಣದ ಕುಳವನ್ನೂ ತೊಳೆದು ಬೊಟ್ಟಿಡುತ್ತಿದ್ದರು. ಯಜಮಾನರು ಅದೇ ಪದ್ಧತಿಯನ್ನು ಕಾರಿಗೂ ತಂದಿದ್ದರು. ಬಾನೆಟ್ಟಿಗೆ ಹೂವು ಹಾಕಿ ಕೈಮುಗಿದರೆ ಅವರಿಗೆ ಸಾಲದು. ಜೀವ ಕಾಯುವುದು ಬ್ರೇಕು ಎಂದು ಪ್ಯಾಡುಗಳನ್ನು ಈಚೆ ತೆಗೆದು, ಒರೆಸಿ, ಒಂದೊಂದಕ್ಕೂ ಬೊಟ್ಟಿಟ್ಟು ಮತ್ತೆ ಕೂರಿಸುತ್ತಿದ್ದರು. ಕೊನೆಯ ಪೂಜೆಯಲ್ಲಿ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಕೂರಿಸಿಬಿಟ್ಟಿದ್ದರು. ಪ್ಯಾಡು ಸವೆದಾಗ ಕೀಚೆಂದು ಎಚ್ಚರಿಸಲು ಒಂದು ಸಣ್ಣ ತಗಡಿರುತ್ತದೆ. ಆ ತಗಡಿನ ಪ್ಯಾಡು ಬೇಗ ಸವೆಯುವ ಒಳಬದಿಗೆ ಇರಬೇಕಂತೆ. ಹೊರಗಿದ್ದದ್ದರಿಂದ ಅದು ಬಾಯೇ ಬಿಡಲಿಲ್ಲ. ಒಳಗಿನ ಪ್ಯಾಡು ಕಬ್ಬಿಣದವರೆಗೂ ಸವೆದು ಡಿಸ್ಕನ್ನು ಉತ್ತುಹಾಕಿತ್ತು.

"ಯಾವೋನಮ್ಮ ಇದ್ನ ಕಟ್ಟಿದ್ದು? ಬೊಟ್ಟೇನೋ ಇಕ್ಕವ್ನೆ, ಪ್ಯಾಡು ಉಲ್ಟಾ ಆಕವ್ನೆ," ಎಂದ ಮೆಕ್ಯಾನಿಕ್.

ನನಗೆ ಎಲ್ಲಿತ್ತೋ ಸಿಟ್ಟು. "ನಾನೇ ಕಟ್ಟಿದ್ದು," ಎಂದೆ. "ಏನೀಗ?"

ಅವನು ನಗು ನಿಲ್ಲಿಸಿ, ಸ್ಪ್ಯಾನರ್ ಎತ್ತಿಕೊಂಡು ಕೆಲಸಕ್ಕೆ ಕೂತ.

ಹೊಸ ಬ್ರೇಕು ಒತ್ತಿದ ಕಡೆ ಕಾರು ಸದ್ದಿಲ್ಲದೆ ನಿಂತಿತು. ಮನೆವರೆಗೂ ನಾನು ಯಜಮಾನರನ್ನು ಬೈಯುತ್ತಲೇ ಬಂದೆ. ನಿಮ್ಮ ಭಕ್ತಿಗಿಷ್ಟು ಬೆಂಕಿ ಹಾಕ, ನನ್ನನ್ನೇ ಕೊಂದುಹಾಕುತ್ತಿದ್ದಿರಲ್ಲ, ಹೊರಗಿನವನ ಮುಂದೆ ನಿಮಗೋಸ್ಕರ ಸುಳ್ಳು ಬೇರೆ ಹೇಳಿಸಿದಿರಲ್ಲ ಎಂದು ಗ್ರಹಚಾರ ಬಿಡಿಸಿದೆ. ಅವರು ಒಪ್ಪುತ್ತಿರಲಿಲ್ಲ, ಗೊತ್ತು. ಪ್ಯಾಡನ್ನು ತಿರುಗಿಸಿ ತಿರುಗಿಸಿ ನೋಡಿ, ಮಾಡಿದ ಕಂಪನಿಯವನೇ ಸರಿಯಾಗಿ ಗುರುತು ಹಾಕಿಲ್ಲ ಎಂದು ವಾರಗಟ್ಟಲೆ ವಾದ ಮಾಡುತ್ತಿದ್ದರು.

ಬಾಗಿಲ ಬೀಗ ತೆಗೆದು ಒಳಗೆ ಬಂದೆ. ಎರಡು ವರ್ಷದಲ್ಲಿ ಅವರನ್ನು ನೆನೆದು ಅತ್ತದ್ದು ಎಷ್ಟು ಸಲವೋ. ಜಗಳ ಆಡಲು ಅವರು ಬೇಕು ಅನ್ನಿಸಿದ್ದು ಮಾತ್ರ ಅವತ್ತೇ. ಒಂದು ಗಳಿಗೆ ಬಂದು, ಬೈಸಿಕೊಂಡಾದರೂ ಹೋಗಬಾರದೇ ಇವರು.