ಗಡ್ಡೆಗೆ ತಾಲೀಮು

ಸರ್ ಅವರ ಎರಡೂ ಅಂಗೈ ಸುಲಿದು, ಕಾದ ಹಂಚು ಮುಟ್ಟಿದವರ ಹಾಗೆ ಕೆಂಪಗಾಗಿದ್ದವು. ಅದನ್ನು ನೋಡಿ, "ಗುಳಿಗಿ ಬಿಟ್ಟುಬಿಡ್ರಿ ಸರ್" ಎಂದ ಮಹಾಪಂಡಿತ ನಾನೇ. ಜೀವಶಾಸ್ತ್ರದಲ್ಲಿ ಫೇಲಾಗಿ, ಮರುಪರೀಕ್ಷೆಯಲ್ಲಿ ಹೇಗೋ ದಡ ಸೇರಿದವನು.

ಶಹಾಪುರದ ಕಾಲೇಜಿನಲ್ಲಿ ಅವರು ನನಗೆ ಅದೇ ವಿಷಯ ಕಲಿಸಿದವರು. ಸುರಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಸೀಮೆಸುಣ್ಣವನ್ನು ಬೀಡಿಯಂತೆ ಹಿಡಿದು, ಕಣ್ಣು ಅರ್ಧ ಮುಚ್ಚಿ, "ಗಪ್ಪಾಗ್ರಿ, ಜೀವಕೋಶ ಮಾತಾಡಾಕತ್ತದ" ಎನ್ನುವರು. ಬಸ್‌ಸ್ಟ್ಯಾಂಡಿನಲ್ಲಿ ನಾನು ಆ ದನಿ ತೆಗೆದರೆ ಚಹಾದಂಗಡಿಯವನು ಸೋಸುವುದು ಬಿಟ್ಟು ನಗುತ್ತಿದ್ದ. ಒಮ್ಮೆ ಸರ್ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. "ದನಿ ಬಂದದ ಲೇ. ಪಾಠ ಯಾವಾಗ ಬರ್ತದ?" ಎಂದು ಬಸ್ಸು ಹತ್ತಿದರು.

ಪುಸ್ತಕದ 'ಒತ್ತಡ' ಅವರ ಬಾಯಲ್ಲಿ 'ತ್ರಾಸ' ಆಗುತ್ತಿತ್ತು. ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ ಪದ. ಆಮೇಲೊಮ್ಮೆ ಅವರ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆ ಕಂಡು, ಗುಳಿಗೆ ಶುರುವಾಗಿ, ಕೈ ಸುಲಿದಿದೆ ಎಂದು ಕೇಳಿ ಸುರಪುರದ ಮನೆಗೆ ಹೋದೆ. ಅವರ ಹೆಂಡತಿ, ನಮಗೆಲ್ಲ ಅಕ್ಕೋರು, ರೊಟ್ಟಿ ಮುರಿದು ಕೊಡುತ್ತಿದ್ದರು.

"ತ್ರಾಸ ಆದ್ರ ಜೀವಕೋಶ ಕೆಡ್ತದಂತ ನೀವ ಹೇಳಿದ್ರಿ ಸರ್. ಈ ಗುಳಿಗಿ ತ್ರಾಸ ಕೊಡಾಕತ್ತದ."

"ಹುಡುಗ ಖರೇ ಹೇಳ್ತಾನ್ರಿ" ಎಂದು ಅಕ್ಕೋರು ಗುಳಿಗೆಯ ಹಾಳೆಯನ್ನು ಸೆರಗಿನ ಗಂಟಿನಲ್ಲಿ ಬಚ್ಚಿಟ್ಟರು.

ಸರ್ ಸಿಟ್ಟಾಗಲಿಲ್ಲ. ರೊಟ್ಟಿಯ ಬುಟ್ಟಿ ಎಳೆದುಕೊಂಡರು. "ಯಕೃತ್ತಿನ ಒಂದೊಂದು ಜೀವಕೋಶನೂ ಒಂದು ಖಾನಾವಳಿ. ದಿನಾ ಪ್ರೋಟೀನ್ ತಟ್ಟತದ, ಮಡಚತದ. ಮಡಚೋದು ತಪ್ಪಿದ್ದು ರಾಶಿ ಬಿದ್ರ ಅದಕ್ಕ ತ್ರಾಸ. ಆವಾಗ ಹೊಸಾದು ತಟ್ಟೋದು ಕಡಿಮಿ ಮಾಡಿ, ಕೆಟ್ಟಿದ್ದು ಸರಿ ಮಾಡ್ತದ. ಆಗಲಿಲ್ಲಂದ್ರ, ಊರಿಗೆ ಕೆಟ್ಟದ್ದು ಬಡಿಸಬಾರದಂತ ತಾನ ಬಾಗಲಾ ಹಾಕ್ಕೊಂಡು ಸಾಯ್ತದ."

ಕಣ್ಣಿಗೆ ಕಾಣದ ಒಂದು ಚುಕ್ಕೆಗೆ ಇಷ್ಟು ಮರ್ಯಾದೆ!

"ಮತ್ತ ಕ್ಯಾನ್ಸರಿನ ಕೋಶ?"

"ಅದು ಭಾರೀ ಬೆರಕಿ, ಕಿಲಾಡಿ. ಸರಿ ಮಾಡೋ ವಿದ್ಯಾ ಕಲ್ತು ತ್ರಾಸದಾಗೂ ಬದುಕ್ತದ, ಬಾಗಲಾ ಮಾತ್ರ ಹಾಕಂಗಿಲ್ಲ. ಈ ಗುಳಿಗಿ ಅದಕ್ಕ ತಡಕೊಳ್ಳಲಾರದಷ್ಟು ತ್ರಾಸ ಕೊಡಬೇಕು. ಅರ್ಧ ಕೊಟ್ಟು ಬಿಟ್ರ ಗಡ್ಡಿಗೆ ತಾಲೀಮು ಕೊಟ್ಟಂಗ. ಪೈಲ್ವಾನ್ ಆಗಿ ಏಳ್ತದ. ಕೈ ಸುಲ್ದದ್ದು ಡಾಕ್ಟರಿಗೆ ಹೇಳೂಣು. ಕಡಿಮಿ ಮಾಡೋರು ಅವರು, ನೀ ಅಲ್ಲ."

ತನ್ನ ಹೊಟ್ಟೆಯೊಳಗಿನ ವೈರಿಯ ಜಾಣತನವನ್ನು ಹೀಗೆ ಕಣ್ಣರಳಿಸಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಮುಂದೆ ಡಾಕ್ಟರು ಪ್ರಮಾಣ ಇಳಿಸಿ, ಕೈಗೆ ಮುಲಾಮು ಕೊಟ್ಟರು. ಸರ್ ಇನ್ನೊಂದು ಬ್ಯಾಚಿಗೆ ಪಾಠ ಮುಗಿಸಿಯೇ ತೀರಿಹೋದರು.

ಆದರೆ ಅಂದು ಅಕ್ಕೋರು ಸೆರಗಿನ ಗಂಟು ಬಿಚ್ಚಲು ಒಪ್ಪಿರಲಿಲ್ಲ. ಅವರ ಕಣ್ಣು ತುಂಬಿತ್ತು. "ಗಡ್ಡಿ ಮಾತು ಬಿಡ್ರಿ. ನಿಮಗ ತ್ರಾಸ ಆಗ್ತದಲ್ಲ?"

ಸರ್ ನೀರಿನ ತಂಬಿಗೆ ಹತ್ತಿರಕ್ಕೆ ಎಳೆದುಕೊಂಡರು.

"ನನಗೂ ಆಗ್ತದ, ಗಡ್ಡಿಗೂ ಆಗ್ತದ. ನನಗ ನೀ ಇದ್ದಿ. ಅದಕ್ಕ ಯಾರದಾರ?"